ಜಪಾನಿನ ಮುದುಕನಿಗೆ ನಾನು ಬರೆದ ಕಮೆಂಟು

ಅವನಿಗೂ ನನಗೂ ಯಾವ ಜನ್ಮದ ವೈರವೋ ಗೊತ್ತಿಲ್ಲ. ಅವನು ಜಪಾನಿನವನು, ನಿವೃತ್ತ ಫುಟ್‌ಬಾಲ್ ಆಟಗಾರ. ಅವನು ಆಡುತ್ತಿದ್ದ ಕಾಲದಲ್ಲಿ ನಾನು ಅವನ ಹೆಸರನ್ನೇ ಕೇಳಿರಲಿಲ್ಲ. ಆಟ ಬಿಟ್ಟು, ತಲೆ ನರೆತು, ಹೊಟ್ಟೆ ಸ್ವಲ್ಪ ಮುಂದೆ ಬಂದ ಮೇಲೆ ಅವನು ಫೋನಿನೊಳಗೆ ಪ್ರಸಿದ್ಧನಾದ. ಅವನು ಮಾಡುತ್ತಿದ್ದದ್ದಾದರೂ ಏನು? ಮನೆಯ ಅಂಗಳದಲ್ಲಿ ಹಳೇ ಬೂಟು ಹಾಕಿಕೊಂಡು ನಿಲ್ಲುತ್ತಿದ್ದ. ಮೇಲಿನ ಬಾಲ್ಕನಿಯಿಂದ ಅವನ ಹೆಂಡತಿ ಚೆಂಡು ಬಿಡುತ್ತಿದ್ದಳು. ಚೆಂಡು ಬಂದು ಅವನ ಪಾದದ ಮೇಲೆ ಬಿದ್ದು ಅಲ್ಲೇ ಸುಮ್ಮನಾಗುತ್ತಿತ್ತು, ಒಂದು ಪುಟಿತವೂ ಇಲ್ಲ. ಆಮೇಲೆ ಅವನು ಚೆಂಡಿಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಮುಗೀತು, ಖಲಾಸ್. ಇಷ್ಟಕ್ಕೇ ಲೋಕದ ಜನ ಬಿದ್ದು ಸಾಯುತ್ತಿದ್ದರು.

ಇನ್ನೊಂದು ಗುಣ ಅವನದು, ಯಾರು ಏನು ಬರೆದರೂ ಉತ್ತರ ಕೊಡುತ್ತಿದ್ದ. ಎಷ್ಟು ಸಾವಿರ ಕಮೆಂಟು ಬಂದರೂ ಒಂದೊಂದರ ಕೆಳಗೂ ಎರಡು ಸಾಲು ಇಂಗ್ಲಿಷು, ಇಲ್ಲವೇ ತಲೆಬಾಗಿಸಿದ ಒಂದು ಪುಟ್ಟ ಚಿತ್ರ. ಅದೇ ಅವನ ದೊಡ್ಡತನವೆಂದು ನನ್ನ ಮಗ ಹೇಳುತ್ತಿದ್ದ. ನಾನು ಅದನ್ನು ಕೆಲಸವಿಲ್ಲದವನ ಲಕ್ಷಣ ಅನ್ನುತ್ತಿದ್ದೆ.

ಮಗನಿಗೆ ಆಗ ಹದಿನೈದು. ಹುಟ್ಟಿದ್ದು, ಬೆಳೆದದ್ದು ಎಲ್ಲ ಕುವೈತಿನಲ್ಲೇ, ಖೈತಾನಿನ ಎರಡನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ನಾವು ಗಂಡ ಹೆಂಡತಿ ಹುಬ್ಬಳ್ಳಿಯವರು, ಮನೆಯಲ್ಲಿ ಅಪ್ಪಟ ನಮ್ಮ ಕಡೆಯ ಕನ್ನಡವನ್ನೇ ಆಡುವವರು. ಅವನು ಎಲ್ಲ ಕೇಳಿಸಿಕೊಳ್ಳುತ್ತಿದ್ದ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟಾ ಮಾಡ್ತಿಯೇನೋ?" ಅಂದರೆ "ಲೇಟರ್ ಡ್ಯಾಡ್." "ಪರೀಕ್ಷಾ ಹೆಂಗಾತು?" ಅಂದರೆ "ಫೈನ್ ಡ್ಯಾಡ್." ನಾನೂ ಅದಕ್ಕೆ ಒಗ್ಗಿಹೋಗಿದ್ದೆ. ಹೆಂಡತಿ ಅವನು ಚಿಕ್ಕವನಿದ್ದಾಗ ಶುಕ್ರವಾರ ಕೂರಿಸಿಕೊಂಡು ಅ ಆ ಇ ಈ ತಿದ್ದಿಸುತ್ತಿದ್ದಳು. "ಈ ದೇಶದಾಗ ಕನ್ನಡ ಅಕ್ಷರ ಕಲಿತರ ಯಾರರ ಇಕಾಮಾ ಕೊಡ್ತಾರೇನು?" ಎಂದು ನಾನು ನಗೆಯಾಡಿದ್ದೆ. ಇಲ್ಲಿ ಇರುವುದಕ್ಕೆ ಬೇಕಾದ ಪರವಾನಗಿ ಅದು, ನಮ್ಮ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ವಿದ್ಯೆಯಿಲ್ಲ. ಆ ಪಾಠ ಯಾವಾಗಲೋ ನಿಂತುಹೋಯಿತು ಎಂದುಕೊಂಡಿದ್ದೆ. ನಿಂತಿತೋ ಇಲ್ಲವೋ ಕೇಳಲಿಲ್ಲ.

ನನ್ನ ಕಥೆಯನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಹುಚ್ಚಿನ ಹಾಗೆ ಕಂಡೀತು. ಕೊಲ್ಲಿ ಯುದ್ಧ ಮುಗಿದ ಸ್ವಲ್ಪ ಕಾಲಕ್ಕೆ ನಾನು ಇಲ್ಲಿಗೆ ಬಂದೆ. ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕದ ಕಡೆ ಗುತ್ತಿಗೆ ಕಂಪನಿಯಲ್ಲಿ ಕೆಲಸ, ಪೈಪುಗಳ ಒತ್ತಡ ಅಳೆಯುವ ಮೀಟರುಗಳನ್ನು ಬಿಚ್ಚಿ ಸರಿಪಡಿಸುವುದು. ವಾರಕ್ಕೆ ಆರು ದಿನ ದುಡಿತ, ಶುಕ್ರವಾರ ಆಟ. ನಾವು ಕೆಲಸಗಾರರಿದ್ದ ಕ್ಯಾಂಪಿನ ಹಿಂದೆ ಬರೀ ಮರಳಿನ ಬಯಲು, ಎರಡು ಕಡೆ ಡ್ರಮ್ಮು ಇಟ್ಟರೆ ಅದೇ ಗೋಲು. ಮಲಯಾಳಿಗಳು, ಗೋವಾದವರು, ಮಿಸ್ರಿಗಳು ಅಂದರೆ ಈಜಿಪ್ಟಿನವರು, ಎಲ್ಲರದೂ ಒಂದೊಂದು ತಂಡ. ಹುಬ್ಬಳ್ಳಿಯಲ್ಲಿ ಗಟ್ಟಿ ನೆಲದ ಮೇಲೆ ಆಡಿ ಬಂದವನು ನಾನು, ಮೊದಲ ದಿನವೇ ಮೂರು ಸಲ ಜಾರಿ ಬಿದ್ದೆ. ಮರಳಿನಲ್ಲಿ ಚೆಂಡು ಉರುಳುವುದಿಲ್ಲ, ಕಾಲೂ ನಿಲ್ಲುವುದಿಲ್ಲ. ಅದಕ್ಕೊಂದು ಉಪಾಯ ನಾನೇ ಕಂಡುಕೊಂಡೆ. ಚೆಂಡು ಬರುವುದಕ್ಕೆ ಮುಂಚೆ, ನಿಂತ ಕಾಲಿನ ಹಿಮ್ಮಡಿಯನ್ನು ಮರಳಿಗೆ ಎರಡು ಸಲ ಒತ್ತಿ ಚಿಕ್ಕ ಗುಣಿ ಮಾಡಿಕೊಳ್ಳುವುದು. ಆಮೇಲೆ ಆಕಾಶದಿಂದ ಚೆಂಡು ಬಿದ್ದರೂ ನಾನು ಅಲ್ಲಾಡುತ್ತಿರಲಿಲ್ಲ. ನನಗೆ ಬಂದ ಚೆಂಡು ನನ್ನ ಕಾಲಲ್ಲೇ ಇರುತ್ತಿತ್ತು. ಹೊಗಳಿಕೊಳ್ಳುತ್ತಿಲ್ಲ, ಆ ಬಯಲಿನಲ್ಲಿ ನನ್ನಷ್ಟು ಚೆನ್ನಾಗಿ ಚೆಂಡು ಹಿಡಿಯುವವನು ಇನ್ನೊಬ್ಬ ಇರಲಿಲ್ಲ. ಆಮೇಲೆ ಮಂಡಿ ಹೋಯಿತು. ಅದರೊಂದಿಗೆ ಆಟವೂ ಹೋಯಿತು, ಯಾವ ಫೋನಿನಲ್ಲೂ ಉಳಿಯದ ಹಾಗೆ.

ಮಗನಿಗೆ ಆರು ವರ್ಷವಿದ್ದಾಗ ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ಅವನಿಗೆ ಚೆಂಡು ಕಲಿಸಿದವನು ನಾನು. ಬಿಸಿಲು ಇಳಿದ ಮೇಲೆ ಅಲ್ಲಿ ನಾಲ್ಕು ಕಾರಿನಷ್ಟು ಜಾಗ ಖಾಲಿಯಾಗುತ್ತಿತ್ತು. ಸಿಮೆಂಟು ನೆಲ. ಎರಡನೆಯ ಮಹಡಿಯ ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಚೆಂಡು ಬಿಡುತ್ತಿದ್ದಳು. "ಬಿಡ್ಲ್ಯಾ?" ಎಂದು ಕೂಗುತ್ತಿದ್ದಳು. "ಚೆಂಡಿಗೆ ಎದುರ ಹೋಗಬ್ಯಾಡ. ಅದು ಬಂದಂಗ ಕಾಲು ಹಿಂದಕ್ಕ ತಗೋ, ಎತ್ತರದಿಂದ ಬಿದ್ದ ಮಗು ಹಿಡಿದಂಗ ಹಿಡಿ" ಎಂದು ನಾನು ಹೇಳುತ್ತಿದ್ದೆ. ಎರಡು ಮೂರು ವರ್ಷ ನಡೆಯಿತು. ಆಮೇಲೆ ನನಗೆ ಓವರ್‌ಟೈಮು ಹೆಚ್ಚಿತು, ಮಂಡಿಯೂ ಕೇಳಲಿಲ್ಲ, ಪಾರ್ಕಿಂಗಿನ ಪಾಠ ನಿಂತಿತು. ಅವನಿಗೆ ಅದೆಲ್ಲ ಮರೆತೇ ಹೋಗಿದೆ ಎಂದು ನಾನು ನಂಬಿದ್ದೆ. ಯಾಕೆಂದರೆ ಹದಿನೈದಕ್ಕೆ ಬಂದವನು ಜಪಾನಿನ ಮುದುಕನ ವಿಡಿಯೋ ನೋಡಿ, ಇದನ್ನು ಈಗಷ್ಟೇ ಯಾರೋ ಕಂಡುಹಿಡಿದ ಹಾಗೆ ಕಣ್ಣರಳಿಸುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ? ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಇವತ್ತು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಆಗ ಹೇಳುವ ಯೋಗ್ಯತೆ ಇರಲಿಲ್ಲ.

ಇನ್ನು ನಮ್ಮವರ ಒಂದು ಚಾಳಿಯ ವಿಷಯ. ಪರದೇಶದಲ್ಲಿ ಕನ್ನಡ ನಮಗೆ ಒಂದು ಪರದೆ. ಲಿಫ್ಟಿನಲ್ಲಿ ಪಕ್ಕದಲ್ಲೇ ನಿಂತವನ ವಾಸನೆಯ ಬಗ್ಗೆ ಗಟ್ಟಿಯಾಗಿ ಮಾತಾಡುತ್ತೇವೆ. ಮಿಸ್ರಿ ಫೋರ್‌ಮನ್ ಎದುರಿಗೆ ನಿಂತು ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಅರಚುವಾಗ, ಮುಖದ ತುಂಬ ನಗು ತುಂಬಿಕೊಂಡು "ಈ ಕ್ವಾಣಕ್ಕ ಇವತ್ತ ಮೇವು ಬಿದ್ದಿಲ್ಲ ನೋಡ್ರಿ" ಎನ್ನುತ್ತೇವೆ. ಅವನೂ ನಗುತ್ತಾನೆ. ಇಪ್ಪತ್ತು ವರ್ಷ ಹೀಗೆ ಬದುಕಿದರೆ ನಾಲಿಗೆಗೆ ಕಡಿವಾಣ ಅನ್ನುವುದೇ ಇರುವುದಿಲ್ಲ. ಒಂದು ಸಲ ಮಾತ್ರ ಸಿಕ್ಕಿಬಿದ್ದಿದ್ದೆ. ನಮ್ಮ ಕಟ್ಟಡದ ಕೆಳಗೆ ಒಂದು ಬಕಾಲಾ, ಅಂದರೆ ಕಿರಾಣಿ ಅಂಗಡಿ, ಹೊಸದಾಗಿ ಶುರುವಾಗಿತ್ತು. ಟೊಮ್ಯಾಟೊ ಆರಿಸುತ್ತಾ ಹೆಂಡತಿಗೆ ಹೇಳಿದೆ, "ಈ ಗಡ್ಡದಾಂವ ಕೊಳೆತದ್ದೆಲ್ಲಾ ನಮ್ಮ ತಲಿಗೆ ಕಟ್ಟತಾನ, ಹುಷಾರು." ಗಲ್ಲಾಪೆಟ್ಟಿಗೆಯ ಹಿಂದಿನಿಂದ ಗಡ್ಡದವನು ಶಾಂತವಾಗಿ ಹೇಳಿದ, "ಕೊಳೆತದ್ದು ಇಲ್ಲ ಮಾರಾಯ್ರೆ, ಮುಟ್ಟಿ ನೋಡಿ ಬೇಕಾದ್ರೆ." ಮಂಗಳೂರಿನ ಕಡೆಯ ಬ್ಯಾರಿ ಅವನು. ನನ್ನ ಹೆಂಡತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ. ಅವನು ನಕ್ಕ, ಚಹಾ ತರಿಸಿದ. ಅಂದಿನಿಂದ ನಮಗೆ ಗೆಳೆತನ. "ಕನ್ನಡ ಎಲ್ಲ ಕಡೆ ಉಂಟು ಸರ್, ಸ್ವಲ್ಪ ನೋಡಿಕೊಂಡು ಮಾತಾಡಿ" ಎಂದು ಆವತ್ತೇ ಹೇಳಿದ್ದ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಆ ವರ್ಷ ಚಳಿ ಶುರುವಾದಾಗ ನಮ್ಮ ಹಳೇ ಆಟಗಾರರೆಲ್ಲ ಸೇರಿ ಒಂದು ಶುಕ್ರವಾರ ಪಂದ್ಯ ಇಟ್ಟುಕೊಂಡರು. ಮಂಡಿಗೆ ಪಟ್ಟಿ ಸುತ್ತಿಕೊಂಡು ನಾನೂ ಹೊರಟೆ. ಮಗನನ್ನು ಕರೆದೆ. ನಾನು ಆಡುವುದನ್ನು ಅವನು ಒಂದು ಸಲವಾದರೂ ನೋಡಲಿ ಎಂಬ ಆಸೆಯಿತ್ತು, ಅಷ್ಟೇ. "ಸಾರಿ ಡ್ಯಾಡ್, ಸ್ವಲ್ಪ ಕೆಲಸ ಇದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ತಾಯಿಯ ಮುಖ ನೋಡಿದ. ಅವಳು ಪಾತ್ರೆಯ ಕಡೆ ನೋಡಿದಳು. ನಾನು ಒಬ್ಬನೇ ಹೋದೆ. ಹತ್ತು ನಿಮಿಷ ಆಡಿದೆ, ಬಿದ್ದೆ, ಜನ ನಕ್ಕರು, ಕುಂಟುತ್ತಾ ಮನೆಗೆ ಬಂದೆ. ಊಟಕ್ಕೆ ಕುಳಿತಾಗ ಮಗ ಫೋನು ಹಿಡಿದುಕೊಂಡು ಪಕ್ಕಕ್ಕೆ ಬಂದ. ಅದೇ ಮುದುಕ, ಅದೇ ಚೆಂಡು.

"ಡ್ಯಾಡ್, ಲುಕ್, ಹಿ ಡಸ್ ಇಟ್ ಲೈಕ್..." ಎಂದು ಶುರುಮಾಡಿದ.

"ತಗಿಯೋ ಅತ್ಲಾಗ!" ಎಂದು ಕೂಗಿದೆ. "ಆ ಮುದುಕನ ಮುಖಾ ಇನ್ನೊಮ್ಮೆ ನನಗ ತೋರಿಸಿದರ ಫೋನು ಕಿಟಕಿಯಿಂದ ಒಗೀತೀನಿ."

ಅವನು ಎದ್ದು ಹೋದ. ಆ ಇಂಗ್ಲಿಷು ವಾಕ್ಯ ಹೇಗೆ ಮುಗಿಯುತ್ತಿತ್ತು ಎಂದು ಆಗ ನನಗೆ ಯೋಚನೆ ಬರಲಿಲ್ಲ.

ಅದಾಗಿ ಎರಡು ದಿನಕ್ಕೆ, ಕೆಲಸ ಮುಗಿಸಿ ಕಂಪನಿಯ ಬಸ್ಸಿನಲ್ಲಿ ಮೀನಾ ಅಬ್ದುಲ್ಲಾದಿಂದ ಬರುತ್ತಿದ್ದೆ. ಮಧ್ಯಾಹ್ನದ ಬಿಸಿಲು, ಮಂಡಿ ಊದಿಕೊಂಡಿತ್ತು. ಫೋನು ತೆಗೆದರೆ ಆ ಮುದುಕನ ಹೊಸ ವಿಡಿಯೋ. ಯಾವ ಕರ್ಮಕ್ಕೋ ನಾನೂ ಅವನ ಪೇಜನ್ನು ಹಿಂಬಾಲಿಸುತ್ತಿದ್ದೆ, ಬೈಯುವುದಕ್ಕಾದರೂ ನೋಡಬೇಕಲ್ಲ! ಬೇರೆ ಬೇರೆ ದೇಶದ ಮಕ್ಕಳು ತಾವು ಚೆಂಡು ಹಿಡಿಯುವ ವಿಡಿಯೋ ಕಳಿಸಿದ್ದರಂತೆ, ತನಗೆ ಮೆಚ್ಚಿಗೆಯಾದವನ್ನು ಅವನು ಒಟ್ಟುಮಾಡಿ ಹಾಕಿದ್ದ. ಮೊದಲು ಯಾವುದೋ ಬೀಚಿನ ಹುಡುಗ, ಆಮೇಲೆ ಹಿಮದಲ್ಲಿ ನಿಂತ ಒಂದು ಹುಡುಗಿ. ಅಷ್ಟು ನೋಡುವುದರೊಳಗೆ ನನ್ನ ತಲೆ ಕೆಟ್ಟಿತು. ಊರ ಮಕ್ಕಳಿಗೆಲ್ಲ ಇವನೇ ಗುರು! ವಿಡಿಯೋ ನಿಲ್ಲಿಸಿ ಕಮೆಂಟು ಬರೆಯಲು ಕುಳಿತೆ. ಇಂಗ್ಲಿಷಿನಲ್ಲಿ ಬರೆದರೆ ಅವನಿಗೆ ಗೊತ್ತಾಗುತ್ತದೆ, ಜನರಿಗೂ ಗೊತ್ತಾಗುತ್ತದೆ. ಬೈದ ತೃಪ್ತಿಯೂ ಸಿಗಬೇಕು, ಯಾರಿಗೂ ತಿಳಿಯಲೂಬಾರದು. ಲಿಫ್ಟಿನಲ್ಲಿ ಮಾಡಿದ್ದನ್ನೇ ಮಾಡಿದೆ. ಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದೆ.

"ಏ ಮುದುಕಾ, ನಿನಗ ಬ್ಯಾರೆ ಕೆಲಸ ಇಲ್ಲೇನು? ಮಂದಿ ಮಕ್ಕಳ ತಲಿ ಯಾಕ ಕೆಡಿಸ್ತಿ? ನನ್ನ ಮಗಾ ನಿನ್ನ ನೋಡಿ ತಾನೂ ದೊಡ್ಡ ಆಟಗಾರ ಆಗ್ತೀನಿ ಅಂತ ಕುಣ್ಯಾಕ ಹತ್ಯಾನ. ಅವನ ಕಾಲಾಗ ಆಟ ಇಲ್ಲ. ನಾ ಅವರಪ್ಪ, ನನಗ ಗೊತ್ತೈತಿ. ನೀ ತಲಿಕೆಳಗಾಗಿ ನಿಂತು ಕಲಿಸಿದರೂ ಅವಂಗ ಬರೂದಿಲ್ಲ. ಅಂಗಡಿ ಮುಚ್ಚು."

ಹೆಲ್ಮೆಟ್ಟು ಹಾಕಿದ ನನ್ನ ಫೋಟೋ, ನನ್ನ ಪೂರ್ತಿ ಹೆಸರು, ಅದರ ಪಕ್ಕದಲ್ಲಿ ಈ ಮುತ್ತಿನಂಥ ಮಾತು. ಎಷ್ಟು ಸಮಾಧಾನವಾಯಿತು ಅಂತೀರಿ! ಬಸ್ಸಿಳಿದು ಫಲಾಫೆಲ್ ತಿಂದು ಮನೆಗೆ ಹೋದೆ. ಆವತ್ತು ನಾನು ಮಗನ ಜೊತೆ ಸ್ವಲ್ಪ ನಗುನಗುತ್ತಲೇ ಮಾತಾಡಿದೆ ಕೂಡ.

ಮರುದಿನ ಬಸ್ಸಿಳಿದು ಬರುವಾಗ ಬಕಾಲಾದ ಬ್ಯಾರಿ ಗೆಳೆಯ ಅಂಗಡಿಯಿಂದ ಹೊರಗೆ ಬಂದು ನನ್ನ ತೋಳು ಹಿಡಿದ. ಸದಾ ತಮಾಷೆ ಮಾಡುವವನ ಮುಖದಲ್ಲಿ ತಮಾಷೆ ಇರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಅಕ್ಕಿಮೂಟೆಯ ಮೇಲೆ ಕೂರಿಸಿದ.

"ಸರ್, ನಿನ್ನೆಯಿಂದ ಅಂಗಡಿಗೆ ಬಂದವರಿಗೆಲ್ಲ ನಾನು ಒಂದು ವಿಡಿಯೋ ತೋರಿಸ್ತಾ ಇದ್ದೆ. ನಮ್ಮ ಖೈತಾನಿನ ಹುಡುಗ ಅಂತ. ಖುಷಿಯಲ್ಲಿ ಕೆಳಗೆ ಕಮೆಂಟ್ ನೋಡ್ತಾ ಹೋದೆ. ಅಷ್ಟು ದೇಶದ ಲಿಪಿಯ ಮಧ್ಯೆ ಕನ್ನಡ ಕಂಡಿತು." ಫೋನು ನನ್ನ ಮುಂದೆ ಹಿಡಿದ. "ಇದು ನೀವು ಬರೆದದ್ದಾ ಮಾರಾಯ್ರೆ?"

ನಾನು ನಗಲು ನೋಡಿದೆ. "ಹೌದು, ಆ ಮುದುಕಗ ಬೈದೆ. ಅವಂಗೇನ್ ತಿಳೀತದ?"

"ವಿಡಿಯೋ ಪೂರ್ತಿ ನೋಡಿದ್ದೀರಾ?"

"ಇಲ್ಲ."

"ನೋಡಿ" ಎಂದು ಮೊದಲಿನಿಂದ ಹಾಕಿದ. ಬೀಚಿನ ಹುಡುಗ. ಹಿಮದ ಹುಡುಗಿ. ಮೂರನೆಯದಾಗಿ ನಮ್ಮ ಕಟ್ಟಡದ ಹಿಂದಿನ ಪಾರ್ಕಿಂಗು. ನಡುವೆ ನನ್ನ ಮಗ. ಮೇಲಿನಿಂದ ನನ್ನ ಹೆಂಡತಿಯ ದನಿ, "ಬಿಡ್ಲ್ಯಾ?" ಮಗ ತಲೆಯಾಡಿಸಿದ. ಚೆಂಡು ಬೀಳುವ ಮುಂಚೆ ಎಡಗಾಲಿನ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಒತ್ತಿದ. ಸಿಮೆಂಟು ನೆಲ, ಅಲ್ಲಿ ಒತ್ತಿ ಯಾವ ಗುಣಿಯಾಗಬೇಕು? ಆದರೂ ಒತ್ತಿದ, ಇದೇ ಪಾರ್ಕಿಂಗಿನಲ್ಲಿ ಕಲಿಸುವಾಗ ನಾನು ಅಭ್ಯಾಸಬಲದಿಂದ ಒತ್ತುತ್ತಿದ್ದ ಹಾಗೆ. ಚೆಂಡು ಬಂತು, ಅವನ ಕಾಲ ಮೇಲೆ ಕೂತಿತು, ಪುಟಿಯಲಿಲ್ಲ. ಆ ಶುಕ್ರವಾರ, ನಾನು ಆಡಲು ಹೋದ ಹೊತ್ತಿನಲ್ಲಿ, ತಾಯಿ ಮಗ ಸೇರಿ ಇದನ್ನು ಮಾಡಿದ್ದರು.

ವಿಡಿಯೋದ ಕೆಳಗೆ ಮುದುಕ ನನ್ನ ಮಗನನ್ನೇ ಉದ್ದೇಶಿಸಿ ಬರೆದಿದ್ದ. ಗೆಳೆಯ ಅದನ್ನು ಓದಿ ಹೇಳಿದ. "ಕುವೈತಿನ ಹುಡುಗ ಗಟ್ಟಿ ನೆಲದ ಮೇಲೂ ಹಿಮ್ಮಡಿ ಒತ್ತುತ್ತಾನೆ. ಮರಳಿನಲ್ಲಿ ಆಡಿದ ಯಾರೋ ಒಬ್ಬರು ಇವನಿಗೆ ಕಲಿಸಿದ್ದಾರೆ. ಯಾರು ಅವರು?" ಅದರ ಕೆಳಗೆ ಮಗನ ಉತ್ತರ ಇಂಗ್ಲಿಷಿನಲ್ಲಿ ಇತ್ತು. ಅದನ್ನು ನಾನೇ ಓದಿದೆ. "ನನ್ನ ಅಪ್ಪ. ನೀವು ಚೆಂಡು ಹಿಡಿಯುವುದು ಅವರ ಹಾಗೇ. ಅದಕ್ಕೇ ನಿಮ್ಮ ವಿಡಿಯೋ ನೋಡುತ್ತೇನೆ."

ಇನ್ನಷ್ಟು ಕೆಳಗೆ ನನ್ನ ಹೆಲ್ಮೆಟ್ಟು, ನನ್ನ ಕನ್ನಡ. ಅದಕ್ಕೂ ಮುದುಕ ಉತ್ತರ ಕೊಟ್ಟಿದ್ದ, ತಲೆಬಾಗಿಸಿದ ಪುಟ್ಟ ಚಿತ್ರ. ಅವನಿಗೆ ಏನು ತಿಳಿಯಬೇಕು ಪಾಪ, ಹೊಗಳಿದ್ದಾನೆ ಎಂದುಕೊಂಡಿರಬೇಕು.

"ಹುಡುಗನಿಗೆ ಕನ್ನಡ ಓದಲಿಕ್ಕೆ ಬರುತ್ತದಾ ಸರ್?" ಎಂದು ಗೆಳೆಯ ಕೇಳಿದ.

"ಇಲ್ಲ" ಅಂದೆ. ಧೈರ್ಯಕ್ಕೆ ಹೇಳಿದ ಮಾತು ಅದು. ಎದ್ದು ಮೆಟ್ಟಿಲು ಹತ್ತಿದೆ. ಆ ಊದಿದ ಮಂಡಿಯಲ್ಲಿ ಎರಡು ಮಹಡಿ ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ.

ಹೆಂಡತಿ ಬಾಗಿಲು ತೆಗೆದಳು. ಕಣ್ಣುಗಳು ಕೆಂಪಗಿದ್ದವು. ನಾನು ಏನೂ ಕೇಳುವ ಮುಂಚೆಯೇ ಹೇಳಿದಳು, "ಅಂವ ಓದ್ಯಾನ್ರೀ."

"ಯಾರ ಓದಿ ಹೇಳಿದ್ರು ಅವಂಗ?"

"ಯಾರ್ಯಾಕ ಹೇಳಬೇಕು? ನಾ ಕಲಿಸೀನಿ. ಏಳು ವರ್ಷ ಆತು, ಪ್ರತಿ ಶುಕ್ರವಾರ ನೀವು ಮಲಗಿದಾಗ ಕಲಿಸೀನಿ. ನಿಮಗ ಒಂದು ದಿನಾ ಕನ್ನಡದಾಗ ಪತ್ರಾ ಬರದು ಕೊಡತೀನಿ ಅಂತಿದ್ದ. ಗುರುವಾರ ಸಂಜೀಕ ನಿಮ್ಮ ಮುಂದ ವಿಡಿಯೋ ಹಚ್ಚೋಣು ಅಂತ ಮಾಡಿದ್ದಿವಿ. ಅಷ್ಟರಾಗ ನಿಮ್ಮ ಸಿಟ್ಟು ಇಳೀಲಿ ಅಂತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರ. ನೀವು ಆಡಿದ್ದೂ ಅಲ್ಲ, ಬರದು ಇಟ್ಟೀರಿ. ಅದೂ ಊರ ಮುಂದ."

ನಾನು ಫೋನು ತೆಗೆದು ಆ ಕಮೆಂಟನ್ನು ಅಳಿಸಿದೆ. ಅದರ ಜೊತೆಗೆ ಮುದುಕನ ನಮಸ್ಕಾರವೂ ಹೋಯಿತು. ಮೇಲಕ್ಕೆ ಹೋಗಿ ಮಗನ ಉತ್ತರ ಹುಡುಕಿದೆ, ಇನ್ನೊಮ್ಮೆ ಓದಬೇಕಿತ್ತು. ಯಾರು ಅವರು ಎಂಬ ಪ್ರಶ್ನೆ ಮಾತ್ರ ಅಲ್ಲಿತ್ತು. ಕೆಳಗೆ ಏನೂ ಇರಲಿಲ್ಲ. ಅಂಗಡಿಯಲ್ಲಿ ಓದಿ ಹತ್ತು ನಿಮಿಷವೂ ಆಗಿರಲಿಲ್ಲ, ನಾನು ಮೆಟ್ಟಿಲು ಹತ್ತುತ್ತಿದ್ದಾಗ ಅವನು ಪಕ್ಕದ ಕೋಣೆಯಲ್ಲಿ ಕುಳಿತು ಅದನ್ನು ತೆಗೆದುಹಾಕಿದ್ದ.

ಅವನ ಕೋಣೆಯ ಬಾಗಿಲು ತಟ್ಟಿದೆ. ತೆರೆದ. ಅತ್ತ ಗುರುತೂ ಇರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ತಪ್ಪಾತೋ" ಎಂದೆ. "ಇಟ್ಸ್ ಓಕೆ ಡ್ಯಾಡ್" ಅಂದ. ಬೈದಿದ್ದರೆ, ಏನಾದರೂ ಎತ್ತಿ ಒಗೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾನು ಅವನಿಗೆ ಸಿಟ್ಟು ಮಾಡುವುದನ್ನು ಮಾತ್ರ ಕಲಿಸಿರಲಿಲ್ಲ, ಅದೊಂದನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ.

ಅವನು ಆ ಪೇಜು ನೋಡುವುದನ್ನು ಬಿಟ್ಟ. ಚೆಂಡು ಬಾಲ್ಕನಿಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಕುಳಿತು ಧೂಳು ತಿನ್ನುತ್ತಿತ್ತು. ನಾನು ಮುದುಕನ ಪೇಜಿಗೆ ದಿನವೂ ಹೋಗುತ್ತಿದ್ದೆ. ಆ ಪ್ರಶ್ನೆ ಹಾಗೆಯೇ ಇತ್ತು. ಉತ್ತರ ನಾನೇ ಬರೆಯಬಹುದಿತ್ತು, ನಾನೇ ಅವನ ಅಪ್ಪ, ನಾನೇ ಕಲಿಸಿದ್ದು ಎಂದು. ಎರಡು ಸಲ ಬರೆದು ಎರಡು ಸಲವೂ ಅಳಿಸಿದೆ. ಮಗ ಕೊಟ್ಟು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನೇ ಹೇಗೆ ಎತ್ತಿಕೊಳ್ಳಲಿ?

ಒಂದು ತಿಂಗಳಾದ ಮೇಲೆ ಒಂದು ಶುಕ್ರವಾರ ಸಂಜೆ ಚೆಂಡಿಗೆ ಗಾಳಿ ಹಾಕಿಸಿಕೊಂಡು ಬಂದೆ. ಅದನ್ನು ಹೆಂಡತಿಯ ಕೈಗೆ ಕೊಟ್ಟು ಅಡುಗೆಮನೆಯ ಕಿಟಕಿಯ ಹತ್ತಿರ ನಿಲ್ಲಲು ಹೇಳಿದೆ. ಟ್ಯೂಷನ್ನಿಗೆ ಹೊರಟ ಮಗನನ್ನು ಹಿಂಬಾಲಿಸಿ ಕುಂಟುತ್ತಾ ಇಳಿದು ಪಾರ್ಕಿಂಗಿನಲ್ಲಿ ತಡೆದು ನಿಲ್ಲಿಸಿದೆ. ಕಾರುಗಳು ಹೋಗಿ ಜಾಗ ಖಾಲಿಯಿತ್ತು.

"ಒಂದ ಸಲ ಹಿಡಿಯಪ್ಪಾ" ಅಂದೆ. "ನನ್ನ ಸಲುವಾಗಿ. ನಾ ಇನ್ನೂ ನೆಟ್ಟಗ ನೋಡೇ ಇಲ್ಲ."

"ಬಿಡ್ಲ್ಯಾ?" ಮೇಲಿನಿಂದ ಹೆಂಡತಿ ಕೂಗಿದಳು.

ಮಗ ಮೇಲೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ನನಗೆ ಉತ್ತರ ಕೊಟ್ಟವನು ಆವತ್ತು ನಮ್ಮ ಹುಬ್ಬಳ್ಳಿಯ ಕನ್ನಡದಲ್ಲಿ, ನನ್ನದೇ ಮಾತಿನಲ್ಲಿ ಹೇಳಿದ.

"ಬ್ಯಾಡಪ್ಪಾ. ನನ್ನ ಕಾಲಾಗ ಆಟ ಇಲ್ಲ."

ಚೀಲವನ್ನು ಹೆಗಲಿಗೆ ಏರಿಸಿಕೊಂಡು ಬಕಾಲಾದ ಕಡೆಯಿಂದ ತಿರುಗಿ ರಸ್ತೆಗೆ ಹೋದ. ಹೆಂಡತಿಗೆ ಅವನು ಹೇಳಿದ್ದು ಕೇಳಿಸಿರಲಿಲ್ಲ. ಚೆಂಡನ್ನು ಕಿಟಕಿಯ ಹೊರಗೆ ಹಿಡಿದುಕೊಂಡೇ ಇನ್ನೊಮ್ಮೆ ಕೇಳಿದಳು, "ಬಿಡ್ಲ್ಯಾ?" ನಾನು ಬೇಡ ಎಂದು ಕೈಯಾಡಿಸಿದೆ.